ಸತ್ತ ಸುಲ್ತಾನನ ಹೆಸರಲ್ಲಿ 48 ದಿನ

1566ರ ಸೆಪ್ಟೆಂಬರ್. ಹಂಗೇರಿಯ ಸಿಗೆಟ್ವಾರ್ ಕೋಟೆಗೆ ಒಟ್ಟೋಮನ್ ಸೇನೆ ಮುತ್ತಿಗೆ ಹಾಕಿದೆ. ಡೇರೆಯೊಳಗೆ 71 ವರ್ಷದ ಸುಲ್ತಾನ ಸುಲೇಮಾನ್ ಕಣ್ಣು ಮುಚ್ಚಿದ್ದಾನೆ. ಹೊರಗಿರುವ ಸೈನಿಕರಿಗೆ ಗೊತ್ತೇ ಇಲ್ಲ! ಮುಖ್ಯ ವಜೀರ ಸೊಕೊಲ್ಲು ಮೆಹ್ಮದ್ ಪಾಷಾ ಸುದ್ದಿ ಮುಚ್ಚಿಟ್ಟು, ಸತ್ತವನ ಹೆಸರಲ್ಲೇ ಆಡಳಿತ ನಡೆಸಿದ. ಒಂದೆರಡು ದಿನ ಅಲ್ಲ, ಸುಮಾರು 48 ದಿನ. ಬ್ರೇಕಿಂಗ್ ನ್ಯೂಸ್ ಓದೋದೇ ಕೆಲಸ ಮಾಡಿಕೊಂಡಿರೋ ನನಗೆ ಇದು ದೊಡ್ಡ ಸೋಜಿಗ.

ಅಷ್ಟೊಂದು ಭಯ ಯಾಕೆ? ಸತ್ತವನು ಎಂಥವನು ಅಂತ ನೋಡಿ.

1520ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 25 ವರ್ಷ. ಮರುವರ್ಷವೇ ಬೆಲ್‌ಗ್ರೇಡ್, 1522ರಲ್ಲಿ ರೋಡ್ಸ್ ದ್ವೀಪ ಕೈವಶ. 1526ರ ಆಗಸ್ಟ್‌ನಲ್ಲಿ ಮೊಹಾಚ್ ಯುದ್ಧ. ಹಂಗೇರಿಯ ರಾಜನೇ ಸತ್ತ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಪಾಣಿಪತ್‌ನಲ್ಲಿ ಬಾಬರ್ ಗೆದ್ದಿದ್ದ. ಗಾಡಿಗಳನ್ನು ಒಂದಕ್ಕೊಂದು ಬಿಗಿದು ಹಿಂದೆ ಫಿರಂಗಿ ನಿಲ್ಲಿಸೋ ಉಪಾಯವನ್ನು ಬಾಬರ್ ಕಲಿತಿದ್ದು ಈ ತುರ್ಕರ ಪದ್ಧತಿಯಿಂದಲೇ. ಆದರೆ 1529ರಲ್ಲಿ ವಿಯೆನ್ನಾ ದಕ್ಕಲಿಲ್ಲ. ಮಳೆ, ಕೆಸರಿನಲ್ಲಿ ದೊಡ್ಡ ಫಿರಂಗಿಗಳು ಮುಂದೆ ಸಾಗಲಿಲ್ಲ; ಸುಲ್ತಾನ ವಾಪಸಾದ.

ಯುರೋಪಿನವರು ಅವನ ವೈಭವ ನೋಡಿ ‘ಮ್ಯಾಗ್ನಿಫಿಸೆಂಟ್’ ಅಂದರು. ತುರ್ಕರು ಕರೆದಿದ್ದು ‘ಕಾನೂನಿ’ ಅಂತ. ಹೌದು, ನಾವು ದಿನಾ ಆಡೋ ಅದೇ ಕಾನೂನು! ಭೂಮಿ, ತೆರಿಗೆ, ಶಿಕ್ಷೆ ಎಲ್ಲದರ ನಿಯಮಗಳನ್ನು ಒಪ್ಪ ಮಾಡಿಸಿದವನು ಅವನು. ಅವನ ವಾಸ್ತುಶಿಲ್ಪಿ ಸಿನಾನ್ ಮೊದಲು ಸೇನೆಯಲ್ಲಿ ಎಂಜಿನಿಯರ್ ಆಗಿದ್ದವನು. ಎಂಜಿನಿಯರಿಂಗ್ ಓದಿದ ನನಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. 1557ರಲ್ಲಿ ಮುಗಿದ ಅವನ ಸುಲೇಮಾನಿಯೆ ಮಸೀದಿ, ಎಷ್ಟೋ ಭೂಕಂಪಗಳನ್ನು ಕಂಡು, ರಿಪೇರಿಯಾಗಿ ಇವತ್ತಿಗೂ ಇಸ್ತಾಂಬುಲ್‌ನಲ್ಲಿ ನಿಂತಿದೆ.

ಎಲ್ಲದಕ್ಕೂ ಕಾನೂನು ಮಾಡಿದವನು ಒಂದಕ್ಕೆ ಮಾತ್ರ ಮಾಡಲಿಲ್ಲ: ನನ್ನ ನಂತರ ಯಾರು? ಗೆದ್ದ ಮಗ ಸುಲ್ತಾನ, ಉಳಿದವರು ಸಾಯಬಹುದು. ಹೊಸ ಸುಲ್ತಾನ ಸಹೋದರರನ್ನು ಕೊಲ್ಲಬಹುದು ಅಂತ ಅವನ ಮುತ್ತಜ್ಜ ಎರಡನೇ ಮೆಹ್ಮದನ ಕಾಲದಲ್ಲೇ ನಿಯಮವಿತ್ತು. ಹಿರಿಯ ಮಗ ಮುಸ್ತಫಾ ಅಂದ್ರೆ ಸೈನಿಕರಿಗೆ ಪ್ರಾಣ. ಆ ಜನಪ್ರಿಯತೆಯೇ ಅವನಿಗೆ ಮುಳುವಾಯಿತು. 1553ರಲ್ಲಿ ಅಪ್ಪನ ಡೇರೆಗೆ ಕರೆ ಬಂತು. ಒಳಗೆ ಹೋದವನ ಕತ್ತು ಬಿಗಿದು ಕೊಂದರು. ಇನ್ನೊಬ್ಬ ಮಗ ಬಾಯೆಜಿದ್ ಸೋತು ಪರ್ಷಿಯಾಕ್ಕೆ ಓಡಿದ. 1561ರಲ್ಲಿ ಅವನನ್ನೂ, ಅವನ ಮಕ್ಕಳನ್ನೂ ಕೊಲ್ಲಿಸಲಾಯಿತು. ಉಳಿದವನು ಸಲೀಂ. ಇತಿಹಾಸ ಅವನನ್ನು ನೆನಪಿಟ್ಟುಕೊಂಡಿದ್ದು ಕುಡುಕ ಸಲೀಂ ಅಂತ.

ಎಂಜಿನಿಯರಿಂಗ್‌ನಲ್ಲಿ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತೀವಿ. ಒಂದೇ ಒಂದು ಭಾಗ ಕೈಕೊಟ್ಟರೆ ಇಡೀ ಯಂತ್ರ ನಿಲ್ಲೋದು. ಆ ಭಾಗ ಸುಲ್ತಾನನೇ ಆಗಿದ್ದ. ಅದಕ್ಕೇ ವಜೀರ ಹೆಣ ಮುಚ್ಚಿಟ್ಟಿದ್ದು; ಸಲೀಂ ಪಟ್ಟಕ್ಕೆ ಬರೋವರೆಗೆ ಸೇನೆ ದಂಗೆ ಏಳಬಾರದಿತ್ತು.

ಆದರೂ ಸಾಮ್ರಾಜ್ಯ ಮುಂದೆ 350ಕ್ಕೂ ಹೆಚ್ಚು ವರ್ಷ, 1922ರವರೆಗೆ ಉಳಿಯಿತು. ಉಳಿಸಿದವರಲ್ಲಿ ಸೊಕೊಲ್ಲುವಿನಂಥ ಅಧಿಕಾರಿಗಳಿದ್ದರು, ಬರೆದಿಟ್ಟ ಕಾನೂನುಗಳಿದ್ದವು. ಹಾಗಾಗಿ ವೀಕ್ಷಕರೇ, ನಾಯಕ ಎಷ್ಟು ಬಲಶಾಲಿ ಅಂತ ಯಾರಾದರೂ ಹೇಳಿದಾಗ, ಅವನಿಲ್ಲದ ಮರುದಿನ ಏನಾಗುತ್ತೆ ಅಂತಲೂ ಒಮ್ಮೆ ಕೇಳಿ.