ಒಡಲು ಬದಲಾದರೂ ಸೆರಗು ಅದೇ

'ತಮ್ಮಾ, ಹ್ವಾದ ವರ್ಷ ಸೂಜಿ ಹಾಕಿಸ್ಕೊಂಡೀನಲ್ಲ, ಈ ವರ್ಷ ಮತ್ಯಾಕೋ?'

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತೇ ಸೋದರತ್ತೆ ಕೇಳಿದ ಪ್ರಶ್ನೆ ಇದು. ಆಸ್ತಮಾ ಇರುವ ಅವರಿಗೆ ಮಳೆಗಾಲಕ್ಕೆ ಮುನ್ನ ಫ್ಲೂ ಲಸಿಕೆ ಹಾಕಿಸುವ ಹೊಣೆ ನನ್ನದು. ಉತ್ತರ ಅವರ ಮಗ್ಗದಲ್ಲಿಯೇ ಇತ್ತು.

ಇಳಕಲ್ ಸೀರೆಯ ಒಡಲು ನಾನಾ ಬಣ್ಣಗಳಲ್ಲಿ ಬರುತ್ತದೆ. ಕೊಂಡಿ ಹಾಕಿ ಜೋಡಿಸುವ ಕೆಂಪು-ಬಿಳಿಯ ತೋಪು ತೆನೆ ಸೆರಗು ಮಾತ್ರ ಅದೇ. ಫ್ಲೂ ವೈರಾಣುವಿನ ಮೇಲ್ಮೈಯಲ್ಲಿ ಮುಳ್ಳಿನಂತೆ ನಿಂತಿರುವ ಹೀಮಗ್ಲುಟಿನಿನ್ ಎಂಬ ಪ್ರೋಟೀನಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಅದರ ತಲೆಯ ಭಾಗ ನಮ್ಮ ಶ್ವಾಸಮಾರ್ಗದ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ಕಾಂಡದ ಭಾಗ ವೈರಾಣುವಿನ ಪೊರೆಯನ್ನು ಜೀವಕೋಶದ ಪೊರೆಯೊಂದಿಗೆ ಬೆಸೆಯುತ್ತದೆ. ನಮ್ಮ ಪ್ರತಿಕಾಯಗಳು ಹೆಚ್ಚಾಗಿ ಗುರುತಿಸುವುದು ತಲೆಯನ್ನು. ವೈರಾಣು ಪದೇ ಪದೇ ಬದಲಿಸಿಕೊಳ್ಳುವುದೂ ಅದನ್ನೇ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಲಸಿಕೆಯ ತಳಿಗಳನ್ನು ಪರಿಶೀಲಿಸಿ ಸೂಚಿಸುತ್ತದೆ. ಈ ಅಂದಾಜು ತಪ್ಪಿದ ವರ್ಷ ಲಸಿಕೆಯ ಬಲವೂ ಕುಂದುತ್ತದೆ.

ಕಾಂಡ ಅಷ್ಟು ಸುಲಭವಾಗಿ ಬದಲಾಗದು. ಬದಲಾದರೆ ಬೆಸೆಯುವ ಕೆಲಸವೇ ಕೆಟ್ಟೀತು. ಹಾಗಾದರೆ ಗುರಿಯನ್ನು ಅಲ್ಲಿಗೇಕೆ ಇಡಬಾರದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ವರದರಾಜನ್ ಮತ್ತು ಸಹೋದ್ಯೋಗಿಗಳು ಕಾಂಡದ ಭಾಗವನ್ನೇ ಪ್ರತ್ಯೇಕವಾಗಿ ವಿನ್ಯಾಸಗೊಳಿಸಿ, ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಅದು ಇಲಿಗಳನ್ನು ಮಾರಕ ಸೋಂಕಿನಿಂದ ರಕ್ಷಿಸಿತೆಂಬ ವರದಿ 2010ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಇಂಥದೇ ಲಸಿಕೆಯೊಂದರ ಮೊದಲ ಹಂತದ ಮಾನವ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂದಿತು. ಮಾರುಕಟ್ಟೆಗೆ ಮಾತ್ರ ಯಾವುದೂ ಇನ್ನೂ ಬಂದಿಲ್ಲ.

ಔಷಧದ ಗುರಿ ಮೇಲ್ಮೈಯ ಇನ್ನೊಂದು ಪ್ರೋಟೀನು, ನ್ಯೂರಮಿನಿಡೇಸ್. ಹೊಸ ವೈರಾಣುಗಳನ್ನು ಜೀವಕೋಶದಿಂದ ಬಿಡಿಸಿ ಕಳುಹಿಸುವ ಕತ್ತರಿ ಅದು. ಅದರ ರಚನೆ 1983ರಲ್ಲಿ ತಿಳಿಯಿತು. ಆ ಕತ್ತರಿಯ ಬಾಯಿ ಕಟ್ಟುವ ಟ್ಯಾಮಿಫ್ಲೂ 1999ರಲ್ಲಿ ಬಂದಿತು. ಆದರೆ ರೋಗಲಕ್ಷಣ ಕಂಡ 48 ಗಂಟೆಗಳೊಳಗೆ ನುಂಗಿದರೆ ಅದರ ಪ್ರಯೋಜನ ಹೆಚ್ಚು. ಸೀರೆ ಮುಗಿಯದೆ ಮಗ್ಗ ಬಿಟ್ಟೇಳದ ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ನಾಲ್ಕನೆಯ ದಿನ! ನಾನು ಲಸಿಕೆಗೆ ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಬೊಂಬಾಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದ ಕಾಲದಲ್ಲಿ, 1918ರಲ್ಲಿ, ಇದೇ ಜ್ವರ ಆ ಪ್ರಾಂತ್ಯವನ್ನು ತತ್ತರಿಸುವಂತೆ ಮಾಡಿತ್ತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಮನುಷ್ಯರ ಫ್ಲೂ ವೈರಾಣು ಪತ್ತೆಯಾದದ್ದು 1933ರಲ್ಲಿ. ಅಂದಿನ ವೈದ್ಯರಿಗೆ ಗುರಿಯೇ ಕಂಡಿರಲಿಲ್ಲ.

ಸೆರಗಿನ ಹೋಲಿಕೆ ಕೇಳಿ ಅತ್ತೆ ನಕ್ಕರು. ಲಸಿಕೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: 'ಲಾಳಿ ಎಳಿಯೂ ಕೈಗೆ ಬ್ಯಾಡ, ಎಡಗೈಗೆ ಹಾಕಸು.'