ಪ್ಯಾರಿಸ್‌ಗೆ ಹೊರಟವರಿಗೆ ಎಷ್ಟು ಫ್ರೆಂಚ್ ಸಾಕು?

ಪ್ರಶ್ನೆ: ಮಗ ಫ್ರಾನ್ಸಿನಲ್ಲಿದ್ದಾನೆ. ರಜೆಗೆ ನಾವಿಬ್ಬರೂ ಹೋಗಬೇಕೆಂದಿದ್ದೇವೆ. ಈ ವಯಸ್ಸಿನಲ್ಲಿ ಫ್ರೆಂಚ್ ಕಲಿಯಲು ಆದೀತೇ?
– ಓದುಗರೊಬ್ಬರು, ನವಲಗುಂದ

ಉತ್ತರ: ಧಾರಾಳವಾಗಿ. ವ್ಯಾಕರಣದ ಗೊಡವೆಗೆ ಹೋಗಬೇಡಿ, ಹತ್ತಿಪ್ಪತ್ತು ಮಾತು ಬಂದರೆ ಪ್ರವಾಸ ಸಾಗುತ್ತದೆ. ಮೊದಲನೆಯದು ‘ಬೋಂಜೂರ್’, ಅಂದರೆ ನಮಸ್ಕಾರ. ಅಂಗಡಿಗೆ ಕಾಲಿಟ್ಟೊಡನೆ ಇದನ್ನು ಹೇಳದೆ ನೇರವಾಗಿ ಬೆಲೆ ಕೇಳಿದರೆ ಅಲ್ಲಿ ಒರಟುತನವೆಂದೇ ಲೆಕ್ಕ. ಏನು ಕೇಳಿದರೂ ಕೊನೆಗೆ ‘ಸಿಲ್ ವು ಪ್ಲೆ’ (ದಯವಿಟ್ಟು), ಕೊಟ್ಟಮೇಲೆ ‘ಮೆರ್ಸಿ’ (ಧನ್ಯವಾದ). ನಮ್ಮ ನೀನು–ನೀವು ಹಾಗೆ ಅಲ್ಲಿ ‘ತು’, ‘ವು’ ಇವೆ. ಅಪರಿಚಿತರಿಗೆಲ್ಲ ‘ವು’ ಎನ್ನಿ. ಹೋಟೆಲಿನಲ್ಲಿ ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಎಂದರೆ ಮಾಂಸ, ಮೀನು ಬೇಡವೆಂದು ತಿಳಿಯುತ್ತದೆ.

ಪೇಚಾಟವಿರುವುದು ಅಂಕಿಯಲ್ಲಿ. 70ಕ್ಕೆ ಅರವತ್ತು-ಹತ್ತು, 80ಕ್ಕೆ ನಾಲ್ಕು ಇಪ್ಪತ್ತು, 90ಕ್ಕೆ ನಾಲ್ಕು ಇಪ್ಪತ್ತು-ಹತ್ತು ಎನ್ನುತ್ತಾರೆ! ಕೂಡಿಸುತ್ತ ನಿಂತರೆ ಹಿಂದಿನವರು ಗೊಣಗುತ್ತಾರೆ. ಬೆಲೆಯನ್ನು ಬಿಲ್ ಯಂತ್ರದ ಪರದೆಯಲ್ಲೇ ನೋಡಿಕೊಳ್ಳುವುದು ಜಾಣತನ.

ಬರೆದಂತೆ ಓದುವ ನಮ್ಮ ರೂಢಿ ಅಲ್ಲಿ ನಡೆಯದು. ಕೊನೆಯ ವ್ಯಂಜನವನ್ನು ಬಹಳ ಸಲ ನುಂಗಿಬಿಡುತ್ತಾರೆ, ಪ್ಯಾರಿಸ್ ಅವರ ಬಾಯಲ್ಲಿ ‘ಪಾರಿ’. ಆದ್ದರಿಂದ ಪುಸ್ತಕಕ್ಕಿಂತ ಕಿವಿಯೇ ಮೇಲು. ಕ್ರಮವಾಗಿ ಕಲಿಯುವ ಮನಸ್ಸಿದ್ದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿದೇಶಿ ಭಾಷೆಗಳ ವಿಭಾಗದಲ್ಲಿ ವಿಚಾರಿಸಿ. ಇಲ್ಲವಾದರೆ ಈ ಮಾತುಗಳನ್ನೆಲ್ಲ ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಮಗನಿಗೇ ಹೇಳಿ, ದಿನಾ ಇಬ್ಬರೂ ಗಟ್ಟಿಯಾಗಿ ಅಂದು ನೋಡಿ.