ಕಿವಿ ಒಪ್ಪದ ಸ್ಪೀಕರ್

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಸೈಕಲ್ ಕೊಡಿಸುತ್ತೇವೆ ಎಂದು ಮಕ್ಕಳಿಗೆ ಆಸೆ ತೋರಿಸುವ ತಂದೆತಾಯಂದಿರು ಎಲ್ಲ ಊರಿನಲ್ಲೂ ಇದ್ದಾರೆ. 1956ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದಲ್ಲಿ ಒಬ್ಬ ವಿದ್ಯಾರ್ಥಿ ಇಂಥದೊಂದು ಬಹುಮಾನವನ್ನು ತನಗೆ ತಾನೇ ಕೊಟ್ಟುಕೊಂಡ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂಐಟಿ) ಡಾಕ್ಟರೇಟ್ ಮುಗಿಸುತ್ತಿದ್ದ ಅವನು ಕೊಂಡದ್ದು ಒಂದು ಹೈ-ಫೈ ಸಂಗೀತ ಸಾಧನ. ತಾಂತ್ರಿಕ ವಿವರಗಳನ್ನೆಲ್ಲ ಓದಿ, ಹೋಲಿಸಿ, ಅಂಕಿಅಂಶಗಳಲ್ಲಿ ಮುಂದಿದ್ದ ಸ್ಪೀಕರುಗಳನ್ನೇ ಆರಿಸಿದ್ದ. ಮನೆಗೆ ತಂದು ಪಿಟೀಲಿನ ರೆಕಾರ್ಡ್ ಹಾಕಿದಾಗ ಮಾತ್ರ ಭಾರಿ ನಿರಾಸೆ. ಚಿಕ್ಕಂದಿನಲ್ಲಿ ಪಿಟೀಲು ಕಲಿತಿದ್ದ ಅವನ ಕಿವಿಗೆ ಅದು ಪಿಟೀಲಿನಂತೆ ಕೇಳಿಸಲೇ ಇಲ್ಲ!

ಆ ವಿದ್ಯಾರ್ಥಿಯೇ ಮುಂದೆ ಹೆಸರಾಂತ ಸ್ಪೀಕರ್ ಕಂಪನಿಯನ್ನು ಕಟ್ಟಿದ ಅಮರ್ ಬೋಸ್. ಅವರ ತಂದೆ ನೊನಿ ಗೋಪಾಲ್ ಬೋಸ್ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರು. ಬ್ರಿಟಿಷರ ಕಾಟ ತಾಳಲಾರದೆ 1920ರ ಸುಮಾರಿಗೆ ಅಮೆರಿಕಕ್ಕೆ ಹೋದವರು. ಅಮರ್ ಹುಟ್ಟಿದ್ದು 1929ರಲ್ಲಿ, ಫಿಲಡೆಲ್ಫಿಯಾದಲ್ಲಿ. ಎರಡನೆಯ ಮಹಾಯುದ್ಧದ ವೇಳೆ ತಂದೆಯ ವ್ಯಾಪಾರ ಕುಸಿದಾಗ, ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ ರೇಡಿಯೋ ರಿಪೇರಿ ಮಾಡಿ ಸಂಸಾರಕ್ಕೆ ಆಸರೆಯಾದ. ಇಂಥವರಿಗೆ ಕೆಟ್ಟ ಸ್ಪೀಕರನ್ನು ಅಂಗಡಿಗೆ ಹಿಂದಿರುಗಿಸಿ ಸುಮ್ಮನಿರುವುದು ಹೇಗೆ ಸಾಧ್ಯ? ಅಂಕಿಅಂಶ ಸರಿಯಿದ್ದೂ ಕಿವಿ ಏಕೆ ಒಪ್ಪಲಿಲ್ಲ ಎಂಬ ಪ್ರಶ್ನೆ ಅವರ ಬೆನ್ನುಹತ್ತಿತು.

ಅಳತೆ ಎಲ್ಲಿ, ಕೇಳುವುದು ಎಲ್ಲಿ?

ಸ್ಪೀಕರಿನ ಕೆಲಸ ಮೇಲ್ನೋಟಕ್ಕೆ ಸರಳ. ಕಾಂತದ ನಡುವೆ ಇರುವ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದು ಹಿಂದೆ ಮುಂದೆ ಅಲುಗುತ್ತದೆ. ಅದಕ್ಕೆ ಅಂಟಿಸಿದ ಕಾಗದದ ಶಂಕು ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ, ಇದೇ ಶಬ್ದ. ಇದನ್ನು ಅಳೆಯುವಾಗ ಶಬ್ದವನ್ನು ಪೂರ್ತಿ ಹೀರಿಕೊಳ್ಳುವ ಗೋಡೆಗಳಿರುವ ಕೋಣೆಯಲ್ಲಿ ಸ್ಪೀಕರನ್ನಿಟ್ಟು, ಅದರ ಎದುರಿಗೆ ಮೈಕ್ ಇಡುತ್ತಾರೆ. ಆದರೆ ಅಂಥ ಕೋಣೆಯಲ್ಲಿ ಕುಳಿತು ಯಾರೂ ಹಾಡು ಕೇಳುವುದಿಲ್ಲವಲ್ಲ!

ಸಂಗೀತ ಸಭಾಂಗಣದಲ್ಲಿ ವಾದ್ಯದಿಂದ ನೇರವಾಗಿ ಕಿವಿಗೆ ಬರುವ ಶಬ್ದ ಸ್ವಲ್ಪವೇ. ಉಳಿದದ್ದು ಗೋಡೆ, ಚಾವಣಿಗಳಿಗೆ ಬಡಿದು, ಪ್ರತಿಫಲಿಸಿ, ಎಲ್ಲ ದಿಕ್ಕಿನಿಂದಲೂ ಬಂದು ಸೇರುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಅದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ತಡವಾಗಿ ಬರಬೇಕು, ಅಂದರೆ ಗೋಡೆ ಸುಮಾರು 17 ಮೀಟರ್ ದೂರವಿರಬೇಕು ಎಂದು ಮಕ್ಕಳು ಪಾಠದಲ್ಲಿ ಓದಿದ್ದಾರೆ. ಅದಕ್ಕಿಂತ ಬೇಗ ಬಂದ ಶಬ್ದವನ್ನು ಮಿದುಳು ಮೂಲ ಶಬ್ದದೊಂದಿಗೇ ಕೂಡಿಸಿಬಿಡುತ್ತದೆ. ನಮಗೆ ಪ್ರತಿಧ್ವನಿ ಕೇಳುವುದಿಲ್ಲ; ನಾದ ತುಂಬಿಕೊಂಡಂತೆ ಕೇಳುತ್ತದೆ.

ಮೂಲೆಯಲ್ಲಿ ಕುಳಿತ ಗೋಳ

ಬೋಸ್ ಮೊದಲು ಮಾಡಿದ ಪ್ರಯೋಗ ಸ್ವಾರಸ್ಯವಾದದ್ದು. ಎಲ್ಲ ದಿಕ್ಕಿಗೂ ಸಮನಾಗಿ ಮಿಡಿಯುವ ಗೋಳವೊಂದನ್ನು ಆದರ್ಶ ಸ್ಪೀಕರ್ ಎಂದು ಭಾವಿಸಬಹುದು. ಇಡೀ ಗೋಳವನ್ನು ಮಾಡುವ ಬದಲು ಅದರ ಎಂಟನೇ ಒಂದು ಭಾಗವನ್ನು ಮಾಡಿ ಕೋಣೆಯ ಮೂಲೆಯಲ್ಲಿಟ್ಟರೆ? ಮೂರು ಕನ್ನಡಿಗಳು ಕೂಡುವ ಮೂಲೆಯಲ್ಲಿಟ್ಟ ಕಿತ್ತಳೆಯ ತುಂಡು ಇಡೀ ಹಣ್ಣಿನಂತೆ ಕಾಣುವ ಹಾಗೆ, ಎರಡು ಗೋಡೆ ಮತ್ತು ನೆಲದ ಪ್ರತಿಫಲನದಿಂದ ಗೋಳ ಪೂರ್ತಿಯಾಗುತ್ತದೆ. ಇಂಥ ತುಂಡಿನ ಮೇಲೆ 22 ಚಿಕ್ಕ ಸ್ಪೀಕರುಗಳನ್ನು ಜೋಡಿಸಿ, 1966ರಲ್ಲಿ ‘2201’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ವ್ಯಾಪಾರ ಕುದುರಲಿಲ್ಲ. ಅದಕ್ಕಿಂತ ದೊಡ್ಡ ಸೋಲು ಬೇರೆ ಇತ್ತು. ಲೆಕ್ಕದಲ್ಲಿ ಆದರ್ಶಕ್ಕೆ ಅಷ್ಟು ಹತ್ತಿರವಿದ್ದರೂ ಅದರಲ್ಲಿ ಸಭಾಂಗಣದ ಅನುಭವ ಬರಲಿಲ್ಲ.

ತಮ್ಮ ಸ್ವಂತ ಸ್ಪೀಕರೇ ಕಿವಿಗೆ ಒಪ್ಪದಿದ್ದಾಗ ಬೋಸ್ ಪ್ರಶ್ನೆಯನ್ನೇ ಬದಲಿಸಿದರು. ಶಬ್ದ ಎಷ್ಟು ಶುದ್ಧವಾಗಿದೆ ಎಂಬುದಕ್ಕಿಂತ, ಅದು ಯಾವ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಗಮನಿಸಿದರು. 1968ರಲ್ಲಿ ಬಂದ ‘901’ ಅದರ ಫಲ. ಪೆಟ್ಟಿಗೆಯೊಳಗೆ ಒಂದೇ ಅಳತೆಯ ಒಂಬತ್ತು ಚಿಕ್ಕ ಸ್ಪೀಕರುಗಳು. ಕೇಳುವವರ ಕಡೆಗೆ ಮುಖ ಮಾಡಿದ್ದು ಒಂದೇ ಒಂದು. ಉಳಿದ ಎಂಟೂ ಹಿಂದಿನ ಗೋಡೆಯ ಕಡೆಗೆ! ನೇರ ಶಬ್ದ ಶೇಕಡ 11, ಪ್ರತಿಫಲಿತ ಶಬ್ದ ಶೇಕಡ 89 ಎಂಬುದು ಲೆಕ್ಕ. ಇಷ್ಟು ಚಿಕ್ಕ ಶಂಕುಗಳಿಂದ ಮಂದ್ರ ಸ್ವರ ಚೆನ್ನಾಗಿ ಬರುವುದಿಲ್ಲವಾದ್ದರಿಂದ, ಆ ಸ್ವರಗಳಿಗೆ ಹೆಚ್ಚು ಶಕ್ತಿ ಕೊಡುವ ವಿದ್ಯುನ್ಮಾನ ಪೆಟ್ಟಿಗೆಯೊಂದನ್ನು ಜೊತೆಗೆ ಕೊಟ್ಟರು. 901 ಸುಧಾರಣೆ ಹೊಂದುತ್ತ 2016ರವರೆಗೂ ತಯಾರಾಯಿತು.

ಕೋರ್ಟಿಗೆ ಹೋದ ಪಿಟೀಲು

ಎಲ್ಲರೂ ಇದನ್ನು ಮೆಚ್ಚಿದರೆಂದಲ್ಲ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಗ್ರಾಹಕರ ಪತ್ರಿಕೆ 1970ರಲ್ಲಿ, ಈ ಸ್ಪೀಕರಿನಲ್ಲಿ ವಾದ್ಯಗಳ ನಾದ ಕೋಣೆಯೆಲ್ಲ ಅಲೆದಾಡುತ್ತದೆ ಎಂಬರ್ಥದಲ್ಲಿ ಬರೆಯಿತು. ನಾದ ಅಲುಗುವುದು ಎರಡು ಸ್ಪೀಕರುಗಳ ನಡುವಿನ ಗೋಡೆಯುದ್ದಕ್ಕೆ ಮಾತ್ರ, ಕೋಣೆಯೆಲ್ಲ ಅಲ್ಲ ಎಂಬುದು ಕಂಪನಿಯ ವಾದ. ಈ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1984ರಲ್ಲಿ ಪತ್ರಿಕೆಯ ಪರವಾಗಿ ತೀರ್ಪು ಬಂತು. ಬೇಕೆಂದೇ ಸುಳ್ಳು ಬರೆದರೆನ್ನಲು ಸಾಕಷ್ಟು ಪುರಾವೆ ಇರಲಿಲ್ಲ.

ವಿಜ್ಞಾನದ ದೃಷ್ಟಿಯಿಂದಲೂ ಎದುರುವಾದಕ್ಕೆ ಬಲವಿದೆ. ಸಭಾಂಗಣದಲ್ಲಿ ಮಾಡಿದ ರೆಕಾರ್ಡಿನಲ್ಲಿ ಅಲ್ಲಿನ ಪ್ರತಿಫಲನಗಳೂ ಆಗಲೇ ಸೇರಿರುತ್ತವೆ. ಅದರ ಮೇಲೆ ನಮ್ಮ ಕೋಣೆಯ ಪ್ರತಿಫಲನವನ್ನೂ ಹೇರಬೇಕೆ? ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ ಎಂದು ಬೆರಳಿಟ್ಟು ತೋರಿಸುವಂತೆ ಕೇಳಬೇಕೆನ್ನುವವರಿಗೆ ಎದುರಿಗೆ ಮುಖ ಮಾಡಿದ ಸ್ಪೀಕರೇ ಹಿತ. ನಾದ ಕೋಣೆ ತುಂಬಬೇಕೆನ್ನುವವರಿಗೆ ಇನ್ನೊಂದು. ಎರಡರಲ್ಲೂ ಮನೆಯ ಗೋಡೆಯ ಪಾತ್ರ ಇದ್ದೇ ಇದೆ.

ಇದನ್ನು ತಿಳಿಯಲು ದುಬಾರಿ ಸ್ಪೀಕರ್ ಬೇಕಿಲ್ಲ. ಮನೆಯಲ್ಲಿರುವ ರೇಡಿಯೋವನ್ನೋ ಚಿಕ್ಕ ಸ್ಪೀಕರನ್ನೋ ಕೋಣೆಯ ನಡುವೆ ಸ್ಟೂಲಿನ ಮೇಲಿಟ್ಟು, ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಾಕಿ. ಆಮೇಲೆ ಅದನ್ನೇ ಮೂಲೆಯಲ್ಲಿ ನೆಲದ ಮೇಲಿಟ್ಟು ಕೇಳಿ. ತಬಲದ ಎಡಗೈ ಪೆಟ್ಟು ಗಟ್ಟಿಯಾಗುತ್ತದೆ. ಸುತ್ತಲೂ ಹರಡಿಹೋಗುತ್ತಿದ್ದ ಮಂದ್ರ ಸ್ವರವನ್ನು ಗೋಡೆಗಳು ನಿಮ್ಮ ಕಡೆಗೆ ತಿರುಗಿಸುತ್ತವೆ. ಇನ್ನು ಸ್ಪೀಕರಿನ ಮುಖವನ್ನು ಗೋಡೆಗೆ ತಿರುಗಿಸಿ. ಕೊನೆಗೆ ಆ ಗೋಡೆಗೆ ಒಂದು ದಪ್ಪ ಕಂಬಳಿ ತೂಗುಹಾಕಿ. ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳಿ, ಆದ ವ್ಯತ್ಯಾಸವನ್ನು ಬರೆದಿಡಿ. ಹೊಸ ಸ್ಪೀಕರ್ ಕೊಳ್ಳಲು ಹೊರಟವರೂ ಅದೇ ಹಾಡನ್ನು ಅಂಗಡಿಯಲ್ಲಿ ಹಾಕಿಸಿ ಕೇಳುವುದು ಒಳ್ಳೆಯದು.

ಬೋಸ್ 2001ರವರೆಗೂ ಎಂಐಟಿಯಲ್ಲಿ ಪಾಠ ಹೇಳಿದರು. 2011ರಲ್ಲಿ ತಮ್ಮ ಕಂಪನಿಯ ಬಹುಪಾಲು ಷೇರುಗಳನ್ನು, ಮತದಾನದ ಹಕ್ಕಿಲ್ಲದಂತೆ, ಆ ಸಂಸ್ಥೆಗೇ ದಾನ ಮಾಡಿ, 2013ರಲ್ಲಿ ತೀರಿಕೊಂಡರು. ಇಷ್ಟಕ್ಕೆಲ್ಲ ಮೊದಲಾದದ್ದು, ಕೊಟ್ಟ ಹಣಕ್ಕೆ ತಕ್ಕಂತೆ ನುಡಿಯದ ಒಂದು ಜೊತೆ ಸ್ಪೀಕರುಗಳಿಂದ.